ಅಟ್ಲಾಂಟಾದ ಮಕ್ಕಳ ಅಂಕ, ದೊಡ್ಡವರ ಉತ್ತರ

ಪೆನ್ಸಿಲ್ಲಿನಿಂದ ತುಂಬಿದ ವೃತ್ತವನ್ನು ರಬ್ಬರಿನಿಂದ ಎಷ್ಟು ಜತನದಿಂದ ಉಜ್ಜಿದರೂ ಕಾಗದದ ಮೇಲೆ ತೆಳ್ಳನೆಯ ಬೂದು ಕಲೆಯೊಂದು ಉಳಿಯುತ್ತದೆ. ಕಣ್ಣಿಗೆ ಅದು ಕಾಣದೆ ಹೋಗಬಹುದು, ಉತ್ತರಪತ್ರಿಕೆ ಓದುವ ಸ್ಕ್ಯಾನರಿಗೆ ಕಾಣುತ್ತದೆ. ಕಪ್ಪಗೆ ತುಂಬಿದ್ದು ಯಾವ ವೃತ್ತ, ಒಮ್ಮೆ ತುಂಬಿ ಆಮೇಲೆ ಅಳಿಸಿದ್ದು ಯಾವುದು, ಅಳಿಸುವ ಮೊದಲು ಇದ್ದ ಉತ್ತರ ತಪ್ಪೋ ಸರಿಯೋ ಎಂಬುದನ್ನೆಲ್ಲ ಯಂತ್ರ ಬೇರೆ ಬೇರೆಯಾಗಿ ಎಣಿಸಬಲ್ಲದು. ಮಕ್ಕಳು ತಪ್ಪು ಬರೆದು ತಿದ್ದಿಕೊಳ್ಳುವುದು ಸಹಜ. ಆದರೆ ಒಂದು ಮಗು ಇಡೀ ಪತ್ರಿಕೆಯಲ್ಲಿ ತಪ್ಪನ್ನು ಅಳಿಸಿ ಸರಿ ಮಾಡಿಕೊಳ್ಳುವುದು ಸಾಮಾನ್ಯವಾಗಿ ಒಂದೆರಡು ಕಡೆ ಮಾತ್ರ. ಒಂದು ತರಗತಿಯ ಮಕ್ಕಳೆಲ್ಲ ಹತ್ತು ಹನ್ನೆರಡು ಕಡೆ ಅಳಿಸಿ, ಪ್ರತಿ ಸಲವೂ ತಪ್ಪಿನಿಂದ ಸರಿಯ ಕಡೆಗೇ ಹೋಗಿದ್ದರೆ ಆ ರಬ್ಬರನ್ನು ಹಿಡಿದ ಕೈ ಮಗುವಿನದಾಗಿರುವ ಸಂಭವ ತೀರಾ ಕಡಿಮೆ. ಅಮೆರಿಕದ ಜಾರ್ಜಿಯಾ ರಾಜ್ಯದ ವಿದ್ಯಾರ್ಥಿ ಸಾಧನೆ ಕಚೇರಿ 2009ರ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹೀಗೆ ಯಂತ್ರಕ್ಕೆ ಒಡ್ಡಿ, 2010ರ ಫೆಬ್ರುವರಿಯಲ್ಲಿ ಫಲಿತಾಂಶ ಹೊರಗಿಟ್ಟಿತು. ರಾಜ್ಯದ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಹತ್ತರಲ್ಲೊಂದರಷ್ಟು, ಅಂದರೆ 191 ಶಾಲೆಗಳು ಅನುಮಾನದ ಪಟ್ಟಿ ಸೇರಿದವು. ಅವುಗಳಲ್ಲಿ 58 ಶಾಲೆಗಳು ಅಟ್ಲಾಂಟಾ ಎಂಬ ಒಂದೇ ಶಾಲಾ ಜಿಲ್ಲೆಯವು.

ಆ ಜಿಲ್ಲೆ ಈ ಪಟ್ಟಿಗೆ ಏನೆಂದು ಉತ್ತರ ಕೊಟ್ಟಿತು ಎನ್ನುವುದೇ ಈ ಲೇಖನದ ವಿಷಯ. ಮೋಸ ನಡೆದದ್ದು, ಅದು ಬಯಲಾದದ್ದು, ಶಿಕ್ಷಕರು ಕಟಕಟೆ ಹತ್ತಿದ್ದು ಇವೆಲ್ಲ ಜಗತ್ತಿನ ಪತ್ರಿಕೆಗಳಲ್ಲಿ ಬಂದು ಹೋಗಿವೆ. ಹೊರಗಿನವರು ಮೊದಲ ಸಲ ಬೆರಳು ತೋರಿದ ದಿನದಿಂದ ಸತ್ಯ ಒಪ್ಪಿಕೊಂಡ ದಿನದವರೆಗಿನ ಎರಡೂವರೆ ವರ್ಷಗಳ ಬಗ್ಗೆ ಅಷ್ಟು ಚರ್ಚೆಯಾಗಿಲ್ಲ. ನನ್ನ ದೃಷ್ಟಿಯಲ್ಲಿ ಮಕ್ಕಳಿಗೆ ಆದ ನಷ್ಟದ ದೊಡ್ಡ ಪಾಲು ಹುಟ್ಟಿದ್ದು ಅಲ್ಲಿಯೇ. ತಪ್ಪು ಮಾಡಿದ್ದು ಕೆಲವು ಶಾಲೆಗಳು. ಆ ತಪ್ಪನ್ನು ಇಡೀ ಜಿಲ್ಲೆಯದನ್ನಾಗಿ ಮಾಡಿದ್ದು ಜಿಲ್ಲೆ ಕೊಟ್ಟ ಉತ್ತರ. ಬಂದ ಪ್ರಶ್ನೆ ಮಕ್ಕಳ ಕಲಿಕೆಯ ಕುರಿತಾಗಿತ್ತು, ಹೋದ ಉತ್ತರವೆಲ್ಲ ಸಂಸ್ಥೆಯ ಹೆಸರಿನ ಕುರಿತಾಗಿತ್ತು.

ಅಲ್ಲಿನ ಶಾಲಾ ಜಿಲ್ಲೆಯನ್ನು ನಮ್ಮ ಶೈಕ್ಷಣಿಕ ಜಿಲ್ಲೆಗೆ ಪೂರ್ತಿ ಹೋಲಿಸಲು ಬರುವುದಿಲ್ಲ. ನಮ್ಮ ಡಿಡಿಪಿಐ ರಾಜ್ಯ ಸರ್ಕಾರದ ಅಧಿಕಾರಿ. ಇವತ್ತು ಇಲ್ಲಿದ್ದು ನಾಳೆ ವರ್ಗವಾಗಿ ಹೋಗುವವರು. ಅಟ್ಲಾಂಟಾದಲ್ಲಿ ಜನ ಆರಿಸಿದ ಒಂಬತ್ತು ಮಂದಿಯ ಶಾಲಾ ಮಂಡಳಿ ಇದೆ. ಆ ಮಂಡಳಿ ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿಯನ್ನು ಕರಾರಿನ ಮೇಲೆ ನೇಮಿಸಿಕೊಳ್ಳುತ್ತದೆ. ಊರಿನ ಆಸ್ತಿ ತೆರಿಗೆಯಿಂದ ಶಾಲೆ ನಡೆಯುತ್ತದೆ. ಹೀಗಾಗಿ ಜಿಲ್ಲೆಗೆ ತನ್ನದೇ ಮನೆತನದಂಥ ಅಭಿಮಾನವಿರುತ್ತದೆ, ಹೊರಗಿನಿಂದ ಬಂದು ಕೇಳುವವರನ್ನು ಕಂಡರೆ ಸಿಡಿಮಿಡಿಯೂ ಇರುತ್ತದೆ. ಬೆವರ್ಲಿ ಹಾಲ್ 1999ರಲ್ಲಿ ಈ ಜಿಲ್ಲೆಯ ಚುಕ್ಕಾಣಿ ಹಿಡಿದಾಗ ಅಲ್ಲಿ ಹತ್ತಾರು ಸಾವಿರ ಮಕ್ಕಳಿದ್ದರು. ಬಹುಪಾಲು ಬಡ ಕುಟುಂಬಗಳ ಕಪ್ಪು ಮಕ್ಕಳು. ಹಾಲ್ ಪ್ರತಿ ಶಾಲೆಗೂ ವರ್ಷಕ್ಕಿಷ್ಟು ಎಂದು ಗುರಿ ಕಟ್ಟಿದರು. ಗುರಿ ಮುಟ್ಟಿದ ಶಾಲೆಯ ಸಿಬ್ಬಂದಿಗೆ ಬೋನಸ್ ಸಿಗುತ್ತಿತ್ತು, ಮುಟ್ಟದ ಮುಖ್ಯಶಿಕ್ಷಕರ ಕುರ್ಚಿ ಅಲುಗಾಡುತ್ತಿತ್ತು. ಅಂಕಗಳು ಏರಿದವು. 2009ರಲ್ಲಿ ಹಾಲ್ ಅವರಿಗೆ ದೇಶದ ವರ್ಷದ ಸೂಪರಿಂಟೆಂಡೆಂಟ್ ಎಂಬ ಪ್ರಶಸ್ತಿ ಸಂದಿತು. ಅವರ ಅವಧಿಯಲ್ಲಿ ಬೋನಸ್ಸಾಗಿ ಅವರ ಕೈಸೇರಿದ ಹಣ ಐದು ಲಕ್ಷ ಡಾಲರಿಗೂ ಹೆಚ್ಚು.

ಅಲ್ಲಿನ ವಾರ್ಷಿಕ ಸಮಾವೇಶವೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಫುಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದ ಜಾರ್ಜಿಯಾ ಡೋಮ್ ಎಂಬ ಬೃಹತ್ ಕ್ರೀಡಾಂಗಣದಲ್ಲಿ ಜಿಲ್ಲೆಯ ಸಿಬ್ಬಂದಿಯೆಲ್ಲ ಸೇರುತ್ತಿದ್ದರು. ಗುರಿ ಮುಟ್ಟಿದ ಶಾಲೆಯವರಿಗೆ ಕೆಳಗೆ ಅಂಗಳದಲ್ಲಿ, ವೇದಿಕೆಯ ಹತ್ತಿರ ಜಾಗ. ಮುಟ್ಟದವರಿಗೆ ದೂರದ ಗ್ಯಾಲರಿ. ಯಾವ ಶಾಲೆಯವರು ಎಲ್ಲಿ ಕೂತಿದ್ದಾರೆ ಎಂಬುದು ಸಾವಿರಾರು ಸಹೋದ್ಯೋಗಿಗಳಿಗೆ ಕಾಣುತ್ತಿತ್ತು. ಒಂದು ಶಾಲೆಯಲ್ಲಂತೂ ಮಕ್ಕಳ ಅಂಕ ಕಡಿಮೆ ಬಂತೆಂದು ಶಿಕ್ಷಕಿಯೊಬ್ಬರನ್ನು ಸಿಬ್ಬಂದಿ ಸಭೆಯಲ್ಲಿ ಮೇಜಿನ ಕೆಳಗೆ ತೆವಳುವಂತೆ ಮಾಡಿದ್ದು ಮುಂದೆ ತನಿಖಾ ವರದಿಯಲ್ಲಿ ದಾಖಲಾಯಿತು. ಇಂಥ ಕಡೆ ಕೆಟ್ಟ ಸುದ್ದಿಯನ್ನು ಮೇಲಕ್ಕೆ ಒಯ್ಯುವ ಧೈರ್ಯ ಯಾರಿಗೂ ಉಳಿಯುವುದಿಲ್ಲ. ಮೇಲಿನವರಿಗೆ ಒಳ್ಳೆಯ ಸುದ್ದಿ ಮಾತ್ರ ತಲುಪುತ್ತದೆ. ಅದಕ್ಕೇ ಹೊರಗಿನವರು ಬಂದು ಬೇರೆ ಸುದ್ದಿ ಹೇಳಿದಾಗ ಮೇಲಿನವರಿಗೆ ಅದು ಸುಳ್ಳೆಂದೇ ತೋರುತ್ತದೆ, ಇಲ್ಲವೇ ಹಾಗೆ ತೋರಬೇಕೆಂದು ಅವರೇ ಬಯಸುತ್ತಾರೆ.

ಮೊದಲು ಬೆರಳು ತೋರಿದ್ದು ಊರಿನ ಪತ್ರಿಕೆ. ‘ಅಟ್ಲಾಂಟಾ ಜರ್ನಲ್-ಕಾನ್‌ಸ್ಟಿಟ್ಯೂಷನ್’ 2008ರ ಡಿಸೆಂಬರಿನಲ್ಲಿ, ಆ ಬೇಸಿಗೆಯ ಮರುಪರೀಕ್ಷೆಯಲ್ಲಿ ಕೆಲವು ಶಾಲೆಗಳ ಅಂಕ ನಂಬಲಾಗದಷ್ಟು ಜಿಗಿದಿದೆ ಎಂದು ಬರೆಯಿತು. ರಾಜ್ಯ ಸರ್ಕಾರ ಪರಿಶೀಲಿಸಿ, ರಾಜ್ಯದ ನಾಲ್ಕು ಶಾಲೆಗಳಲ್ಲಿ ಉತ್ತರಪತ್ರಿಕೆ ತಿದ್ದಿರುವ ಲಕ್ಷಣ ಕಂಡಿತು. ಅವುಗಳಲ್ಲಿ ಒಂದು ಅಟ್ಲಾಂಟಾದ ಡೀರ್‌ವುಡ್ ಅಕಾಡೆಮಿ. ಬೇರೆ ಜಿಲ್ಲೆಯೊಂದರಲ್ಲಿ ಸಿಕ್ಕಿಬಿದ್ದವರು ತಪ್ಪೊಪ್ಪಿಕೊಂಡರು. ಅಟ್ಲಾಂಟಾ ಮಾತ್ರ ತನ್ನದೇ ಪರಿಶೀಲನೆ ನಡೆಸಿ, ಮೋಸಕ್ಕೆ ಪುರಾವೆಯಿಲ್ಲ ಎಂದಿತು. 2009ರ ಅಕ್ಟೋಬರಿನಲ್ಲಿ ಪತ್ರಿಕೆ ಮತ್ತೊಂದು ವಿಶ್ಲೇಷಣೆ ಪ್ರಕಟಿಸಿತು. ಜಿಲ್ಲೆಯ ಉತ್ತರ ಬದಲಾಗಲಿಲ್ಲ: ನಮ್ಮ ಶಿಕ್ಷಕರು ಕಷ್ಟಪಟ್ಟಿದ್ದಾರೆ, ನಮ್ಮ ಮಕ್ಕಳು ಕಲಿಯಬಲ್ಲರು, ಬಡ ಕಪ್ಪು ಮಕ್ಕಳು ಒಳ್ಳೆಯ ಅಂಕ ತೆಗೆದರೆ ಅನುಮಾನವೇಕೆ? ಈ ಕೊನೆಯ ಪ್ರಶ್ನೆ ನಾಟುವಂಥದ್ದು. ಕೇಳಿದವರು ಉತ್ತರಿಸಲು ಹಿಂಜರಿಯುತ್ತಾರೆ. ಆದರೆ ಅನುಮಾನ ಇದ್ದದ್ದು ಮಕ್ಕಳ ಮೇಲಲ್ಲ. ಮಕ್ಕಳು ಪತ್ರಿಕೆ ಕೊಟ್ಟು ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತ ದೊಡ್ಡವರ ಮೇಲೆ. ಮಕ್ಕಳ ಮರ್ಯಾದೆಯನ್ನು ಮುಂದೆ ನಿಲ್ಲಿಸಿ ದೊಡ್ಡವರು ಅದರ ಹಿಂದೆ ಮರೆಯಾದರು.

2010ರ ಫೆಬ್ರುವರಿಯ ಪಟ್ಟಿ ಬಂದ ಮೇಲೆ ಬರಿಯ ನಿರಾಕರಣೆ ಸಾಕಾಗಲಿಲ್ಲ. ತನಿಖೆಗೆ ಊರಿನ ಉದ್ಯಮಿಗಳು ಮತ್ತು ಗಣ್ಯರಿದ್ದ ಬ್ಲೂ ರಿಬ್ಬನ್ ಆಯೋಗ ರಚನೆಯಾಯಿತು. ಹಾಲ್ ಅವರ ಸಾಧನೆಯನ್ನು ಹೇಳಿಕೊಂಡೇ ಊರಿಗೆ ಬಂಡವಾಳ ಕರೆಯುತ್ತಿದ್ದ ವಾಣಿಜ್ಯ ವಲಯದವರೇ ಅದರ ಬೆನ್ನಿಗಿದ್ದರು. ಆಗಸ್ಟ್‌ನಲ್ಲಿ ಬಂದ ವರದಿ, ತೊಂದರೆ ಬಹುಮಟ್ಟಿಗೆ 12 ಶಾಲೆಗಳಿಗೆ ಸೀಮಿತ ಎಂದು ಹೇಳಿ, 109 ಮಂದಿಯ ಬಗ್ಗೆ ಹೆಚ್ಚಿನ ವಿಚಾರಣೆ ಆಗಲಿ ಎಂದಿತು. ಇದರ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಜಿಲ್ಲೆಯ ಪರವಾಗಿ ಅಂಕಿಅಂಶ ನೋಡಿಕೊಡಲು ಆಂಡ್ರೂ ಪೋರ್ಟರ್ ಎಂಬ ಪರಿಣತರನ್ನು ಕೇಳಿಕೊಳ್ಳಲಾಗಿತ್ತು. ಅವರು 2010ರ ಮೇ ತಿಂಗಳಲ್ಲೇ, ರಾಜ್ಯದ ವಿಶ್ಲೇಷಣೆ ಸರಿಯಾಗಿದೆ ಎಂಬ ಅಭಿಪ್ರಾಯ ಕೊಟ್ಟರು. ಆ ವರದಿ ಹೊರಬರಲಿಲ್ಲ. ಪತ್ರಿಕೆ ಮಾಹಿತಿ ಕೇಳಿದಾಗಲೂ ಅದನ್ನು ಕೊಡಲಿಲ್ಲ ಎಂಬುದು ಮುಂದೆ ತನಿಖೆಯಲ್ಲಿ ಬಯಲಾಯಿತು. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕಳವಳ ತರಿಸುವುದು ಈ ಒಂದು ವರದಿಯ ಕಥೆ. ಅದಕ್ಕಿಂತ ಮುಂಚೆ ಮೇಲಿನವರಿಗೆ, ತಮಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಸ್ವಲ್ಪವಾದರೂ ಅವಕಾಶವಿತ್ತು. ತಾವೇ ಕರೆಸಿದ ಪರಿಣತರ ಮಾತನ್ನು ಕಪಾಟಿನಲ್ಲಿಟ್ಟ ಮೇಲೆ ಅದೂ ಹೋಯಿತು.

ಆಗಿನ ಗವರ್ನರ್ ಸನ್ನಿ ಪರ್ಡ್ಯೂ ಆಯೋಗದ ವರದಿಯನ್ನು ಒಪ್ಪಲಿಲ್ಲ. ರಾಜ್ಯದ ಮಾಜಿ ಅಟಾರ್ನಿ ಜನರಲ್ ಮೈಕ್ ಬೋವರ್ಸ್, ಮಾಜಿ ಜಿಲ್ಲಾ ಪ್ರಾಸಿಕ್ಯೂಟರ್ ಬಾಬ್ ವಿಲ್ಸನ್, ತನಿಖಾಧಿಕಾರಿ ರಿಚರ್ಡ್ ಹೈಡ್ ಈ ಮೂವರನ್ನು ನೇಮಿಸಿದರು. ಅವರು ರಾಜ್ಯದ ತನಿಖಾ ದಳದ ಪೊಲೀಸರನ್ನು ಜತೆಗಿಟ್ಟುಕೊಂಡು 2,100ಕ್ಕೂ ಹೆಚ್ಚು ವಿಚಾರಣೆ ನಡೆಸಿದರು, ಎಂಟು ಲಕ್ಷ ಕಡತಗಳನ್ನು ನೋಡಿದರು. 2011ರ ಜುಲೈನಲ್ಲಿ ಪ್ರಕಟವಾದ ವರದಿ 400 ಪುಟ ದಾಟಿತ್ತು. ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ಮೋಸ; ಭಾಗಿಗಳು 178 ಮಂದಿ, ಅವರಲ್ಲಿ 38 ಮುಖ್ಯಶಿಕ್ಷಕರು; 82 ಮಂದಿಯ ತಪ್ಪೊಪ್ಪಿಗೆ. ಪ್ರಶ್ನೆಪತ್ರಿಕೆಯ ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಿಂದ ಸೀಳಿ, ಒಳಗಿನದನ್ನು ಜೆರಾಕ್ಸ್ ಮಾಡಿಕೊಂಡು, ಸೀಳಿದ ಅಂಚನ್ನು ಸಿಗರೇಟ್ ಲೈಟರಿನ ಶಾಖದಿಂದ ಮತ್ತೆ ಬೆಸೆದವರಿದ್ದರು. ಒಂದು ಶಾಲೆಯ ಶಿಕ್ಷಕರು ವಾರಾಂತ್ಯದಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಉತ್ತರಪತ್ರಿಕೆ ಒಯ್ದು, ಒಟ್ಟಿಗೆ ಕೂತು ತಿದ್ದಿದ್ದರು. ಭಯ, ಬೆದರಿಕೆ, ಬಾಯಿಬಿಟ್ಟವರ ಮೇಲೆ ಸೇಡು ಇವೇ ಆ ವ್ಯವಸ್ಥೆಯ ರೂಢಿಯಾಗಿದ್ದವು ಎಂದು ವರದಿ ಹೇಳಿತು. ಒಳಗಿನ ಆಯೋಗಕ್ಕೆ 12 ಕಂಡದ್ದು ಹೊರಗಿನವರಿಗೆ 44 ಆದದ್ದೇಕೆ? ಹೊರಗಿನವರು ಹೆಚ್ಚು ಜಾಣರಾಗಿದ್ದರು ಎಂದಲ್ಲ. ಅವರೆದುರು ಕೂತು ನಿಜ ಹೇಳಿದ ಶಿಕ್ಷಕಿ ಮರುದಿನ ಅದೇ ಮುಖ್ಯಶಿಕ್ಷಕರ ಕೈಯಲ್ಲಿ ಸಿಕ್ಕಿಬೀಳುತ್ತೇನೆಂಬ ಅಂಜಿಕೆಯನ್ನು ಮೊದಲ ಸಲ ಸ್ವಲ್ಪ ಬದಿಗಿಡಬಹುದಿತ್ತು. ಹೊರಗಿನ ಕಣ್ಣು ಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ತೋಚುವುದಿಲ್ಲ.

ಅಂಕ ಜಾಸ್ತಿ ಹಾಕಿದರೆ ಮಗುವಿಗೇನು ನಷ್ಟ, ಪಾಸಾಯಿತಲ್ಲ ಎಂದು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅವರು ಪಾರ್ಕ್ಸ್ ಮಿಡಲ್ ಸ್ಕೂಲಿನ ಲೆಕ್ಕ ನೋಡಬೇಕು. ಅಲ್ಲಿ ಎಂಟನೇ ತರಗತಿಯ ಮಕ್ಕಳಲ್ಲಿ ಗಣಿತದಲ್ಲಿ ತೇರ್ಗಡೆಯಾದವರ ಪ್ರಮಾಣ ಒಂದೇ ವರ್ಷದಲ್ಲಿ ಶೇ 24ರಿಂದ ಶೇ 86ಕ್ಕೆ ಏರಿತು. ಏರಿದ್ದರಿಂದ, ಸುಧಾರಣೆ ಬೇಕಾದ ಶಾಲೆಗಳ ಪಟ್ಟಿಯಿಂದ ಅದು ಹೊರಬಂತು. ಹೊರಬಂದದ್ದರಿಂದ, ಹಿಂದುಳಿದ ಮಕ್ಕಳಿಗೆ ಹೆಚ್ಚಿನ ಪಾಠಕ್ಕೆಂದು ಸಿಗಬೇಕಿದ್ದ ಏಳೂವರೆ ಲಕ್ಷ ಡಾಲರುಗಳಷ್ಟು ನೆರವು ತಪ್ಪಿತು. ಬೇರೊಂದು ಶಾಲೆಯ ಮೂರನೇ ತರಗತಿಯ ಹುಡುಗಿಯೊಬ್ಬಳ ವಿಷಯವನ್ನು ಅವಳ ತಾಯಿಯೇ ಸಾರ್ವಜನಿಕವಾಗಿ ಹೇಳಿದ್ದಾರೆ. ಶಾಲೆಯೊಳಗಿನ ಕಿರುಪರೀಕ್ಷೆಯಲ್ಲಿ ಮಗು ತೀರಾ ಹಿಂದೆ, ರಾಜ್ಯದ ಪರೀಕ್ಷೆಯಲ್ಲಿ ನಿರೀಕ್ಷೆ ಮೀರಿದ ಸಾಧನೆ. ಇದು ಹೇಗೆ ಸಾಧ್ಯ ಎಂದು ತಾಯಿ ಕೇಳಿದ್ದಕ್ಕೆ ಸಿಕ್ಕ ಸಮಾಧಾನ, ಮಗು ಪರೀಕ್ಷೆ ಚೆನ್ನಾಗಿ ಬರೆಯುತ್ತದೆ ಎಂಬುದು. ಆ ಹುಡುಗಿ ಒಂಬತ್ತನೇ ತರಗತಿಗೆ ಬಂದಾಗ ಅವಳ ಓದು ಐದನೇ ತರಗತಿಯ ಮಟ್ಟದಲ್ಲಿತ್ತು. ಅವಳಿಗೆ ಸಹಾಯ ಬೇಕೆಂದು ಕೂಗಿ ಹೇಳುವ ಒಂದೇ ಒಂದು ಕಾಗದ ಆ ಉತ್ತರಪತ್ರಿಕೆಯಾಗಿತ್ತು, ಅದರ ಬಾಯಿಯನ್ನೇ ಕಟ್ಟಿಬಿಟ್ಟರು. ಜಿಲ್ಲೆ ನಿರಾಕರಿಸುತ್ತ ಹೋದ ಒಂದೊಂದು ತಿಂಗಳೂ ಇಂಥ ಮಕ್ಕಳ ಶಾಲಾ ಬದುಕಿನ ಒಂದೊಂದು ತಿಂಗಳು. ಎಂಟು ವರ್ಷದ ಮಗುವಿಗೆ ಎರಡೂವರೆ ವರ್ಷ ಎಂದರೆ ಓದಲು ಕಲಿಯುವ ವಯಸ್ಸೇ ಮುಗಿದುಹೋಗುತ್ತದೆ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು, ತಪ್ಪು ಅಳತೆಗೋಲಿನದೇ ಹೊರತು ಅಳೆಸಿಕೊಂಡವರದಲ್ಲ ಎಂಬುದು. 2002ರಲ್ಲಿ ಜಾರಿಗೆ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ, 2014ರ ಹೊತ್ತಿಗೆ ದೇಶದ ಪ್ರತಿ ಮಗುವೂ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕೆಂದು ವಿಧಿಸಿತು. ನೂರಕ್ಕೆ ನೂರು. ರಾತ್ರಿ ಊಟಕ್ಕೆ ಖಾತ್ರಿಯಿಲ್ಲದ, ವರ್ಷಕ್ಕೆ ಎರಡು ಮೂರು ಬಾಡಿಗೆ ಮನೆ ಬದಲಿಸುವ ಮಕ್ಕಳ ಶಾಲೆಗೂ ಅದೇ ಗೆರೆ, ಸಿರಿವಂತರ ಬಡಾವಣೆಯ ಶಾಲೆಗೂ ಅದೇ ಗೆರೆ. ಇದು ಅನ್ಯಾಯ, ಇದರಲ್ಲಿ ನನಗೆ ಎರಡು ಮಾತಿಲ್ಲ. ಅಂಕಿಯೊಂದನ್ನೇ ಹಿಡಿದು ಬಹುಮಾನವನ್ನೂ ದಂಡವನ್ನೂ ಹಂಚಿದರೆ ಆ ಅಂಕಿ ಕೆಡುತ್ತದೆ ಎಂದು ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಆದರೆ ಅಟ್ಲಾಂಟಾ ಆ ಗೆರೆಯನ್ನು ಮುಟ್ಟಿದ್ದೇವೆಂದು ತೋರಿಸಿದ್ದರಿಂದ ಆದದ್ದೇನು? ಗೆರೆ ಸರಿಯಿದೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು. ಬಡ ಮಕ್ಕಳ ಶಾಲೆಗಳು ಸಹ ಒಂದೇ ವರ್ಷದಲ್ಲಿ ಶೇ 86 ತಲುಪಬಲ್ಲವು ಎಂದಾದರೆ, ಹಣ ಸಾಲದು, ಕಾಲ ಸಾಲದು ಎಂದು ನಿಜ ಹೇಳುತ್ತಿದ್ದ ಬೇರೆ ಊರಿನ ಶಿಕ್ಷಕರ ಮಾತಿಗೆ ಬೆಲೆ ಎಲ್ಲಿ? ಕೆಟ್ಟ ಅಳತೆಗೋಲನ್ನು ಸೋಲಿಸಬೇಕಾದರೆ ಅದರೆದುರು ನಿಜವಾದ ಸಂಖ್ಯೆಯನ್ನೇ ಇಡಬೇಕು. ಅಂಥ ಸಂಖ್ಯೆಗಳನ್ನು ಇಟ್ಟವರು ದೇಶದಲ್ಲಿ ಸಾಕಷ್ಟು ಮಂದಿ ಇದ್ದದ್ದರಿಂದಲೇ 2015ರಲ್ಲಿ ಆ ಕಾಯ್ದೆ ಹೋಗಿ ಬೇರೆಯದು ಬಂತು.

ಎರಡನೆಯ ಆಕ್ಷೇಪ, ಅಟ್ಲಾಂಟಾದ ಪ್ರಗತಿ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದು. ನಿಜ. ಹೊರಗಿನ ಸಿಬ್ಬಂದಿಯೇ ಬಂದು ನಡೆಸುವ, ಶಾಲೆಯವರ ಕೈಗೆ ಪತ್ರಿಕೆ ಸಿಗದ ಎನ್‌ಎಇಪಿ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲೂ ಆ ದಶಕದಲ್ಲಿ ಅಟ್ಲಾಂಟಾದ ಮಕ್ಕಳು ಬೇರೆ ದೊಡ್ಡ ನಗರಗಳವರಿಗೆ ಸರಿಮಿಗಿಲಾಗಿ ಮೇಲೇರಿದ್ದರು. ಜಿಲ್ಲೆ ತನ್ನ ಸಮರ್ಥನೆಗೆ ಇದನ್ನೇ ಮತ್ತೆ ಮತ್ತೆ ಮುಂದಿಟ್ಟಿತು. ನನಗಾದರೋ ಇದು ಸಮರ್ಥನೆಯಂತೆ ಕಾಣುವುದಿಲ್ಲ, ದುಃಖದ ಸಂಗತಿಯಂತೆ ಕಾಣುತ್ತದೆ. ಎಷ್ಟೋ ಶಾಲೆಗಳಲ್ಲಿ ಪ್ರಾಮಾಣಿಕವಾಗಿ ದುಡಿದ ಶಿಕ್ಷಕರಿದ್ದರು, ನಿಜವಾಗಿ ಕಲಿತ ಮಕ್ಕಳಿದ್ದರು. ಅವರ ಗಳಿಕೆ ನಿಧಾನದ್ದು, ವರ್ಷಕ್ಕೆ ಒಂದೆರಡು ಅಂಕದ್ದು. ಶೇ 24ರಿಂದ 86ಕ್ಕೆ ಹಾರಿದವರ ಪಕ್ಕದಲ್ಲಿ ಅದು ಸಪ್ಪೆಯಾಯಿತು. ಮೋಸ ಬಯಲಾದ ಮೇಲೆ ಅದನ್ನು ಯಾರೂ ನಂಬದಂತಾಯಿತು. 2008ರಲ್ಲೇ ಜಿಲ್ಲೆ ಅಕ್ಕಿಯಿಂದ ಕಲ್ಲನ್ನು ತಾನೇ ಆರಿಸಿದ್ದರೆ ಈ ಪ್ರಾಮಾಣಿಕರ ಹೆಸರು ಉಳಿಯುತ್ತಿತ್ತು. ಸಂಸ್ಥೆಯ ಮಾನ ಕಾಯುತ್ತೇವೆಂದು ಹೊರಟವರು ಆ ಮಾನಕ್ಕೆ ಅರ್ಹರಾದವರನ್ನೇ ಬಲಿಕೊಟ್ಟರು.

ಮೂರನೆಯದು ಇನ್ನೂ ಕಠಿಣವಾದ ಆಕ್ಷೇಪ. ಹೊರಗಿನವರು ಕಪ್ಪು ಜನರ ನಗರಕ್ಕೆ ಬಂದು, ಬಹುತೇಕ ಕಪ್ಪು ಶಿಕ್ಷಕರನ್ನು ಭೂಗತ ಪಾತಕಿಗಳಿಗೆಂದು ಮಾಡಿದ ಸಂಘಟಿತ ಅಪರಾಧದ ಕಾನೂನಿನಡಿ ಜೈಲಿಗೆ ಕಳಿಸಿದರು ಎಂಬುದು. 2013ರ ಮಾರ್ಚ್‌ನಲ್ಲಿ ಹಾಲ್ ಸೇರಿ 35 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ಹಲವರು ತಪ್ಪೊಪ್ಪಿಕೊಂಡು ರಾಜಿಯಾದರು. ವಿಚಾರಣೆ ಎದುರಿಸಿದ 12 ಮಂದಿಯಲ್ಲಿ 11 ಮಂದಿ 2015ರ ಏಪ್ರಿಲ್ 1ರಂದು ದೋಷಿಗಳೆಂದು ತೀರ್ಮಾನವಾಯಿತು. ಕೆಲವರಿಗೆ ಮೊದಲು ಏಳು ವರ್ಷದ ಜೈಲು ವಿಧಿಸಿದ್ದ ನ್ಯಾಯಾಧೀಶರು ಅದೇ ತಿಂಗಳ ಕೊನೆಗೆ ತಾವೇ ಅದನ್ನು ಮೂರಕ್ಕೆ ಇಳಿಸಿದರು. ಹಾಲ್ ಆ ತೀರ್ಪಿಗೆ ಒಂದು ತಿಂಗಳ ಮೊದಲು ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಕೊನೆಯವರೆಗೂ ತಾವು ತಪ್ಪು ಮಾಡಿಲ್ಲ ಎಂದಿದ್ದರು, ಅವರ ಮೇಲಿನ ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ. ರಬ್ಬರು ಹಿಡಿದ ಶಿಕ್ಷಕಿಯನ್ನು ಸುಲಿಗೆಕೋರರ ಸಾಲಿನಲ್ಲಿ ನಿಲ್ಲಿಸಿದ್ದು ಅತಿಯಾಯಿತು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಬ್ಯಾಂಕುಗಳು 2008ರಲ್ಲಿ ದೇಶವನ್ನೇ ಮುಳುಗಿಸಿದಾಗ ಜೈಲು ಸೇರಿದವರೆಷ್ಟು ಎಂದು ಅಲ್ಲಿನ ಜನ ಕೇಳಿದ್ದೂ ಸರಿಯೇ. ಆದರೆ ದಂಡನೆ ಬೇರೆ, ಮೇಲ್ವಿಚಾರಣೆ ಬೇರೆ. ದಂಡನೆ ಅತಿಯಾಯಿತೆಂದ ಮಾತ್ರಕ್ಕೆ ಪರಿಶೀಲನೆಯೇ ತಪ್ಪಾಗುವುದಿಲ್ಲ. ಯಂತ್ರ ರಾಜ್ಯದ ಎಲ್ಲ ಶಾಲೆಗಳ ಪತ್ರಿಕೆಯನ್ನೂ ನೋಡಿತ್ತು. ಆಲ್ಬನಿ ಎಂಬ ಇನ್ನೊಂದು ಊರಿನ ಶಾಲೆಗಳಲ್ಲೂ ಅದೇ ತನಿಖಾಧಿಕಾರಿಗಳು ಅಂಥದ್ದೇ ಮೋಸವನ್ನು ಕಂಡರು. ಪತ್ರಿಕೆಗೆ ಪ್ರಸಾರದ ಆಸೆ ಇದ್ದಿರಬಹುದು, ಗವರ್ನರಿಗೆ ಪಕ್ಷ ರಾಜಕೀಯ ಇದ್ದಿರಬಹುದು. ಕೇಳುವವರ ಉದ್ದೇಶ ಶುದ್ಧವಾಗುವವರೆಗೆ ಉತ್ತರ ಕೊಡುವುದಿಲ್ಲ ಎಂದರೆ ಯಾವ ಪ್ರಶ್ನೆಗೂ ಎಂದಿಗೂ ಉತ್ತರ ಸಿಗುವುದಿಲ್ಲ. ಮೇಲಾಗಿ 2009ರಲ್ಲೇ ಜಿಲ್ಲೆ ತಾನಾಗಿ ಒಪ್ಪಿಕೊಂಡಿದ್ದರೆ ವಿಷಯ ಇಲಾಖಾ ಶಿಸ್ತುಕ್ರಮದಲ್ಲಿ ಮುಗಿಯುತ್ತಿತ್ತೆಂದು ನಾನು ನಂಬುತ್ತೇನೆ. ಶಿಕ್ಷಕರನ್ನು ನ್ಯಾಯಾಲಯದ ಮೆಟ್ಟಿಲವರೆಗೆ ನೂಕಿದ್ದರಲ್ಲಿ ಅವರನ್ನು ರಕ್ಷಿಸುತ್ತಿದ್ದೇವೆ ಎಂದವರ ಕೈಯೂ ಇದೆ.

ನಮ್ಮ ರಾಜ್ಯದಲ್ಲೂ ಈಚೆಗೆ ಇಂಥ ಹೊರಗಣ್ಣೊಂದು ತೆರೆದುಕೊಂಡಿತು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಜಾರಿಗೆ ತಂದಿತು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಹೆಚ್ಚಿಸದಿದ್ದರೆ ಇನ್ನೂ ಇಪ್ಪತ್ತರಷ್ಟು ಕೆಳಗೆ ಹೋಗುತ್ತಿತ್ತು. ಹಿಂದಿನ ವರ್ಷ ಶೇ 96.80ರೊಂದಿಗೆ ರಾಜ್ಯಕ್ಕೇ ಮೊದಲಿದ್ದ ಚಿತ್ರದುರ್ಗ ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನಕ್ಕೆ ಬಂತು. ಯಾದಗಿರಿ ಶೇ 50.59ರಲ್ಲಿ ಕೊನೆಗೆ ನಿಂತಿತು. ಈ ಅಂಕಿಗಳಿಂದಷ್ಟೇ ಒಂದು ಜಿಲ್ಲೆಯಲ್ಲಿ ನಕಲು ನಡೆಯುತ್ತಿತ್ತೆಂದು ತೀರ್ಪು ಕೊಡಲಾಗದು. ಉತ್ತರಪತ್ರಿಕೆಯ ಬೂದು ಕಲೆಯಂತೆಯೇ ಇವೂ ಅನುಮಾನ ಹುಟ್ಟಿಸಬಲ್ಲವೇ ಹೊರತು ಯಾರು ಮಾಡಿದರೆಂದು ಹೇಳಲಾರವು. ಆದರೆ ರಾಜ್ಯದ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೆಂದು ಯಾರೂ ಹೇಳಲಾರರು. ಇಳಿದದ್ದು ಕಲಿಕೆಯಲ್ಲ, ಕಲಿಕೆಯ ಬಗ್ಗೆ ನಾವು ಹೇಳಿಕೊಳ್ಳುತ್ತಿದ್ದ ಮಾತು.

ಹೀಗೆ ಕಂಡದ್ದಕ್ಕೆ ಮೊದಲ ಉತ್ತರವಾಗಿ ಬಂದದ್ದು ಕೃಪಾಂಕ. ಕನ್ನಡಿಯಲ್ಲಿ ಮುಖ ಕಂಡೊಡನೆ ಕನ್ನಡಿಯನ್ನು ಒರೆಸಿದ ಹಾಗೆ. ಮಕ್ಕಳ ಬಗ್ಗೆ ಕರುಣೆ ಅದರ ಹಿಂದೆ ಇತ್ತೆಂಬುದು ನಿಜ. ಕ್ಯಾಮೆರಾ ಕಂಡು ಹೆದರಿದ ಹಳ್ಳಿಯ ಹುಡುಗಿ ಹತ್ತನೇ ತರಗತಿಗೇ ಓದು ಬಿಟ್ಟು ಮದುವೆಯ ಮಂಟಪಕ್ಕೆ ಹೋಗುವಂತಾಗಬಾರದು. ಆದರೂ ಮುಖ್ಯಮಂತ್ರಿಯೇ ಕೃಪಾಂಕವನ್ನು ಪ್ರಶ್ನಿಸಿದರು, ಮರುವರ್ಷ ಆ ಹೆಚ್ಚುವರಿ ಅಂಕ ನಿಂತಿತು. 2025ರಲ್ಲಿ ಫಲಿತಾಂಶ ಇನ್ನೂ ಇಳಿಯಿತು, ಕಲಬುರಗಿ ಶೇ 42.43ರೊಂದಿಗೆ ಕೊನೆಯಾಯಿತು. ನೋವಿನ ಸಂಖ್ಯೆ ಇದು, ಆದರೆ ನಂಬಬಹುದಾದ ಸಂಖ್ಯೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳನ್ನು ತುಂಬಿ ಎಂದು ಕೇಳುವವರ ಕೈಗೆ ಇದಕ್ಕಿಂತ ಒಳ್ಳೆಯ ಕಾಗದ ಬೇರೆ ಇಲ್ಲ. ನನ್ನ ಆತಂಕ ಬೇರೆ ಕಡೆ ಇದೆ. ಫಲಿತಾಂಶ ಬಂದ ದಿನ ಟೀವಿಯಲ್ಲಿ, ಪತ್ರಿಕೆಯಲ್ಲಿ, ಜಿಲ್ಲಾ ಉಸ್ತುವಾರಿ ಸಚಿವರ ಬಾಯಲ್ಲಿ ಕೇಳಿಬರುವುದು ನಮ್ಮ ಜಿಲ್ಲೆ ಎಷ್ಟನೇ ಸ್ಥಾನ ಎಂಬ ಒಂದೇ ಮಾತು. ಆ ಮಾತು ಡಿಡಿಪಿಐಯಿಂದ ಬಿಇಒಗೆ, ಬಿಇಒಯಿಂದ ಮುಖ್ಯಶಿಕ್ಷಕರಿಗೆ ನೋಟಿಸಾಗಿ ಇಳಿಯುತ್ತದೆ. ಜಾರ್ಜಿಯಾ ಡೋಮಿನ ಅಂಗಳ ಮತ್ತು ಗ್ಯಾಲರಿಯನ್ನು ನಾವು ಕಾಗದದ ಮೇಲೆ ಪ್ರತಿವರ್ಷ ಕಟ್ಟುತ್ತಿದ್ದೇವೆ. ಶ್ರೇಣಿಪಟ್ಟಿ ಇರುವಷ್ಟು ದಿನ ಕ್ಯಾಮೆರಾದ ಕಣ್ಣು ತಪ್ಪಿಸುವ ದಾರಿಯನ್ನೂ ಯಾರಾದರೂ ಹುಡುಕುತ್ತಲೇ ಇರುತ್ತಾರೆ. ಪಟ್ಟಿ ಕೈಬಿಟ್ಟು, ಪ್ರತಿ ಜಿಲ್ಲೆಯೂ ತನ್ನ ನಪಾಸಾದ ಮಕ್ಕಳಿಗಾಗಿ ಮುಂದಿನ ಮೂರು ತಿಂಗಳಲ್ಲಿ ಏನು ಮಾಡಿತು ಎಂಬುದನ್ನು ಬಹಿರಂಗವಾಗಿ ಹೇಳಬೇಕು. ಎರಡನೇ ಪರೀಕ್ಷೆಗೆ ಎಷ್ಟು ಮಂದಿಯನ್ನು ಮನೆಯಿಂದ ಕರೆತಂದಿರಿ? ಅವರಲ್ಲಿ ಗಣಿತಕ್ಕೆ ಮೇಷ್ಟ್ರೇ ಇಲ್ಲದ ಶಾಲೆಯವರೆಷ್ಟು? 2024ರಲ್ಲಿ ಇಂಥ ಮಕ್ಕಳಿಗೆ ಬೇಸಿಗೆ ರಜೆಯಲ್ಲೇ ವಿಶೇಷ ತರಗತಿ ನಡೆಸಿ ಎಂದು ಇಲಾಖೆ ಹೇಳಿದಾಗ ಶಿಕ್ಷಕರು ವಿರೋಧಿಸಿದರು. ಅವರ ರಜೆಯೂ ಅವರ ಹಕ್ಕೇ. ಅದಕ್ಕೆ ತಕ್ಕ ಗಳಿಕೆ ರಜೆಯೋ ಸಂಭಾವನೆಯೋ ಕೊಟ್ಟು ತರಗತಿ ನಡೆಸುವುದು ಇಂಥ ಹೊತ್ತಿನಲ್ಲಿ ಖರ್ಚು ಮಾಡಲೇಬೇಕಾದ ಹಣ.

ಅಟ್ಲಾಂಟಾ ಕೊನೆಗೆ ಇಂಥದ್ದೊಂದು ಉತ್ತರದ ಕಡೆಗೆ ಬಂತು, ತಡವಾಗಿ. 2011ರ ಜುಲೈನಲ್ಲಿ ಅಧಿಕಾರ ವಹಿಸಿಕೊಂಡ ಎರೋಲ್ ಡೇವಿಸ್, ವರದಿಯಲ್ಲಿ ಹೆಸರಿದ್ದವರನ್ನು ತರಗತಿಯಿಂದ ದೂರವಿಟ್ಟು, ತನಿಖೆಯ ತೀರ್ಮಾನವನ್ನು ತಿರುವುಮುರುವು ಮಾಡದೆ ಒಪ್ಪಿಕೊಂಡರು. ಅವರ ನಂತರ 2014ರಲ್ಲಿ ಬಂದ ಮೆರಿಯಾ ಕಾರ್‌ಸ್ಟಾರ್ಫನ್ ಕಾಲದಲ್ಲಿ ಜಿಲ್ಲೆ ಮೊದಲ ಸಲ, ಮೋಸಕ್ಕೆ ಸಿಕ್ಕ ಮಕ್ಕಳು ಯಾರು, ಎಲ್ಲಿದ್ದಾರೆ, ಎಷ್ಟು ಹಿಂದೆ ಬಿದ್ದಿದ್ದಾರೆ ಎಂದು ಹೊರಗಿನವರನ್ನೇ ಕರೆದು ಕೇಳಿತು. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಟಿಮ್ ಸ್ಯಾಸ್ ಮತ್ತು ಸಂಗಡಿಗರು 2015ರಲ್ಲಿ ಕೊಟ್ಟ ವರದಿಯ ಪ್ರಕಾರ, ತಿದ್ದಿದ ಪತ್ರಿಕೆಯ ಮಕ್ಕಳು ಓದು ಮತ್ತು ಇಂಗ್ಲಿಷಿನಲ್ಲಿ, ಮಾಧ್ಯಮಿಕ ಶಾಲೆಯ ಮಗುವೊಂದು ಇಡೀ ವರ್ಷದಲ್ಲಿ ಕಲಿಯುವುದರ ಕಾಲು ಭಾಗದಿಂದ ಅರ್ಧದಷ್ಟು ಹಿಂದೆ ಬಿದ್ದಿದ್ದರು. ಗಣಿತದಲ್ಲಿ ಅಷ್ಟು ಸ್ಪಷ್ಟ ನಷ್ಟ ಕಾಣಲಿಲ್ಲ. ಅವರಿಗಾಗಿ ‘ಟಾರ್ಗೆಟ್ 2021’ ಎಂಬ ಹೆಸರಿನಲ್ಲಿ ಹೆಚ್ಚಿನ ಪಾಠ, ಮಾರ್ಗದರ್ಶನ, ಪದವಿಯವರೆಗೆ ಕೈಹಿಡಿದು ನಡೆಸುವ ಕೆಲಸ ಶುರುವಾಯಿತು. 2009ರ ಪರೀಕ್ಷೆಯಲ್ಲಿ ಹತ್ತು ಅಥವಾ ಹೆಚ್ಚು ಕಡೆ ತಪ್ಪನ್ನು ಸರಿಯಾಗಿ ತಿದ್ದಿದ್ದ ಪತ್ರಿಕೆಗಳು ಸುಮಾರು ಏಳು ಸಾವಿರ ಮಕ್ಕಳವು. ಜಿಲ್ಲೆ ಪಟ್ಟಿ ಹಿಡಿದು ಅವರನ್ನು ಹುಡುಕಲು ಹೊರಡುವ ಹೊತ್ತಿಗೆ ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಅಟ್ಲಾಂಟಾದ ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರಲಿಲ್ಲ.